ಅತ್ತಿಗೆಯ ದನಿಗೆ ಯಾವುದು ಮೊದಲು

ಗಂಟಲಿನ ಆಪರೇಷನ್ ಆದಮೇಲೆ ಅತ್ತಿಗೆ ಮೊದಲ ಸಲ ಹಾಡಿದ ಹಾಡು ಸ್ಪೀಕರಿನಿಂದ ಹೊರಬಂದಾಗ, ಸ್ಟುಡಿಯೋದಲ್ಲಿದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪ್ರತಿ ಸಾಲಿಗೂ ಮುಂಚೆ ತಿದಿ ಒತ್ತಿದ ಹಾಗೆ ಉಸಿರು ಕೇಳುತ್ತಿತ್ತು. 'ಸ' ಬಂದಲ್ಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತೆ. ಅದರ ಬೆನ್ನಿಗೇ ದನಿ ಕುಸಿದು, ಏದುಸಿರು ಬಿಡುತ್ತ ಮತ್ತೆ ಮೇಲೇಳುತ್ತಿತ್ತು.

ಸಂಗೀತ ನಿರ್ದೇಶಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಎದ್ದು ಅಂಗಿಯ ಸುಕ್ಕು ಸರಿಮಾಡಿಕೊಂಡರು. "ಬೇಜಾರು ಮಾಡ್ಕೋಬೇಡಿಮ್ಮ. ಸಂಜೆಗೆ ಹಾಡು ಕಳಿಸ್ಲೇಬೇಕು. ಇನ್ನೊಬ್ಬ ಹುಡುಗಿಗೆ ಹೇಳಿಟ್ಟಿದ್ದೀನಿ. ಊಟ ಮುಗಿಸ್ಕೊಂಡು ಬರ್ತೀನಿ, ಆಮೇಲೆ ನೋಡೋಣ."

ನೋಡುವುದಕ್ಕೆ ಏನೂ ಉಳಿದಿಲ್ಲ ಎಂಬುದು ಅವರ ದನಿಯಲ್ಲೇ ಇತ್ತು. ದಪ್ಪ ಬಾಗಿಲು ಮುಚ್ಚಿಕೊಂಡಿತು.

ಅತ್ತಿಗೆ ಚೀಲ ಹೆಗಲಿಗೇರಿಸಿದಳು. "ಡಾಕ್ಟ್ರು ಸರಿಹೋಗುತ್ತೆ ಅಂದ್ರು. ನಿಮ್ಮಣ್ಣನೂ ಅದನ್ನೇ ಅಂದ್ರು. ಯಂತ್ರ ಮಾತ್ರ ಮುಲಾಜು ನೋಡ್ಲಿಲ್ಲ ನೋಡು."

"ಅತ್ತಿಗೆ, ಒಂದ್ನಿಮಿಷ ಕೂತ್ಕೊಳ್ಳಿ," ಎಂದಳು ನಾದಿನಿ.

"ಕೂತು ಏನ್ಮಾಡ್ಲಿ? ಇನ್ನೊಂದ್ಸಲ ಕೇಳಿ ಅಳ್ಲಾ?"

ನಾದಿನಿ ಪರದೆಯ ಕಡೆ ತಿರುಗಿದಳು. ಅವಳು ಅಲ್ಲಿ ಹಾಡಿನ ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಕೆಲಸದವಳು. ಮೇಷ್ಟ್ರಿಗೆ ದುಂಬಾಲು ಬಿದ್ದು ಅತ್ತಿಗೆಯನ್ನು ಕರೆಸಿದ್ದೂ ಅವಳೇ. ಬೆಳಗ್ಗೆ ರೆಕಾರ್ಡ್ ಮಾಡುವಾಗ ಹೆಡ್‌ಫೋನಿನಲ್ಲಿ ಬಂದ ದನಿ ಹೀಗಿರಲಿಲ್ಲ. ಅಥವಾ ಅಕ್ಕರೆಗೆ ಹಾಗೆ ಕೇಳಿಸಿತೋ? ತನ್ನ ಕಿವಿಯ ಮೇಲೆ ಅವಳಿಗೇ ಅನುಮಾನ ಬಂತು.

ಕಂಪ್ಯೂಟರಿನಲ್ಲಿ ದನಿಯ ಟ್ರ್ಯಾಕಿನ ಮೇಲೆ ಮೇಷ್ಟ್ರು ಸಾಲಾಗಿ, ದನಿ ತಿದ್ದುವ ಪ್ಲಗಿನ್‌ಗಳನ್ನು ಹಾಕಿಟ್ಟಿದ್ದರು. ಹಿಂದಿನ ಹಾಡಿನ ಗಂಡುದನಿಗೆಂದು ಕಟ್ಟಿದ ಸಾಲು ಅದು. ಗುಡುಗಿನಂಥ ಗಂಟಲು, ಏನು ಮಾಡಿದರೂ ತಡೆದುಕೊಂಡಿತ್ತು. "ಇದು ನನ್ನ ಕೈಗುಣ, ಯಾರೂ ಮುಟ್ಬೇಡಿ" ಎಂದು ತಾಕೀತು ಬೇರೆ ಮಾಡಿದ್ದರು. ಮುಟ್ಟಿದವರು ಆ ಸ್ಟುಡಿಯೋದಲ್ಲಿ ಉಳಿದ ಉದಾಹರಣೆ ಇರಲಿಲ್ಲ.

ನಾದಿನಿ ದನಿ ಹಾದುಹೋಗುವ ಕ್ರಮದಲ್ಲೇ ಒಂದೊಂದನ್ನೇ ನೋಡುತ್ತ ಹೋದಳು. ಎಲ್ಲಕ್ಕಿಂತ ಮೊದಲು ರಿವರ್ಬ್, ದನಿಗೆ ದೊಡ್ಡ ಹಜಾರದ ಅನುರಣನ ಕೊಡುವಂಥದ್ದು. ಆಮೇಲೆ ಹೊಳಪು ಏರಿಸುವ ಈಕ್ಯೂ. ಕೊನೆಗೆ ಕಂಪ್ರೆಸರ್. ಅದು ಜೋರಾದದ್ದನ್ನು ಅದುಮಿ ಮೆಲ್ಲಗಿನದನ್ನು ಮೇಲೆತ್ತುತ್ತದೆ.

"ಅಯ್ಯೋ," ಎಂದಳು.

"ಏನೇ?"

"ಮುಖ ತೊಳೆಯೋಕ್ಮುಂಚೆ ಪೌಡರ್ ಬಳಿದುಬಿಟ್ಟಿದ್ದಾರೆ, ಅತ್ತಿಗೆ. ಹೊಳಪು ಮೊದಲೇ ಏರಿಸಿದ್ದಕ್ಕೆ 'ಸ' ಮೊನಚಾಗಿ ಹೋಗಿ ಕಂಪ್ರೆಸರಿಗೆ ಬಡೀತಿದೆ. ಅದು ಹೆದರಿ ನಿಮ್ಮ ದನೀನೇ ಅದುಮ್ತಿದೆ. ಬಿಡೋವಾಗ ಉಸಿರು, ಅನುರಣನ ಎಲ್ಲಾನೂ ಎತ್ತಿ ಹಿಡೀತಿದೆ."

ಅತ್ತಿಗೆಗೆ ಅರ್ಧ ಅರ್ಥವಾಯಿತು. ಚೀಲ ಹೆಗಲಿನಲ್ಲೇ ಇತ್ತು, ಕುಳಿತಳು ಮಾತ್ರ.

ನಾದಿನಿ ಇಡೀ ಸಾಲನ್ನೇ ತೆಗೆದಳು. ಮೊದಲು ಎ.ಸಿ.ಯ ಗುಂಯ್ ಎನ್ನುವ ಕೆಳಸದ್ದನ್ನು ಕತ್ತರಿಸಿದಳು. ಆಮೇಲೆ ಕಂಪ್ರೆಸರ್, ಅದೂ ಹಗುರವಾಗಿ. ಅದರ ಹಿಂದೆ 'ಸ'ಕಾರದ ಮೊನೆ ಮುರಿಯುವ ಡಿ-ಎಸ್ಸರ್. ಹೊಳಪು ಅದಾದ ನಂತರ, ಚಿಟಿಕೆಯಷ್ಟು. ರಿವರ್ಬನ್ನು ಸಾಲಿನಿಂದಲೇ ಹೊರಗಿಟ್ಟು ಬೇರೆ ಟ್ರ್ಯಾಕಿಗೆ ಹಾಕಿ, ದನಿಯ ಹಿಂದೆ ನೆರಳಿನಷ್ಟು ಬೆರೆಸಿದಳು.

ಕಾರಿಡಾರಿನಲ್ಲಿ ಹೆಜ್ಜೆ ಸದ್ದಾಯಿತು. ಇಬ್ಬರೂ ಬಾಗಿಲ ಕಡೆ ನೋಡಿದರು. ಯಾರೋ ಮುಂದೆ ಹಾದುಹೋದರು.

ನಾದಿನಿ ಹಾಡನ್ನು ಹಾಕಿದಳು. ಏದುಸಿರು ಇರಲಿಲ್ಲ, ದನಿ ಕುಸಿಯಲಿಲ್ಲ. ಪಲ್ಲವಿ ತುಂಬಿಕೊಂಡು ಬಂತು. ಅತ್ತಿಗೆಯ ಕೈ ಬಾಯಿಗೆ ಹೋಯಿತು. ಆದರೆ ಚರಣದ ತಾರಸ್ಥಾಯಿಯಲ್ಲಿ, ಹಿಂದೆಂದೂ ಇಲ್ಲದ ಒಂದು ಗೊಗ್ಗರು ಕೇಳಿಸಿತು. ಅದು ಯಾವ ಪ್ಲಗಿನ್ನಿನ ತಪ್ಪೂ ಅಲ್ಲ.

"ಅದು ನಾನೇನಾ?"

ಇಲ್ಲವೆನ್ನಬಹುದಿತ್ತು. ಇನ್ನಷ್ಟು ರಿವರ್ಬ್ ಸುರಿದು ಮುಚ್ಚಲೂಬಹುದಿತ್ತು.

"ಹೌದು, ಅತ್ತಿಗೆ. ಅದು ನೀವೇ."

ಅತ್ತಿಗೆ ಹೆಗಲಿನ ಚೀಲ ಕೆಳಗಿಟ್ಟಳು. ಆಮೇಲೆ, "ಅದನ್ನ ಮುಚ್ಬೇಡ. ಮುಚ್ಚಿದ್ರೆ ನಾಳೆ ಇನ್ನೊಂದು ಹಾಡಿಗೆ ಏನ್ಮಾಡ್ಲಿ? ಎಷ್ಟು ದಿನ ನೀನು ನನ್ ಹಿಂದೆ ಮುಸುಕು ಹಿಡ್ಕೊಂಡು ಓಡಾಡ್ತೀಯ?" ಎಂದಳು.

ಬಾಗಿಲು ತೆರೆಯಿತು. ಮೇಷ್ಟ್ರ ಕಣ್ಣು ನೇರವಾಗಿ ಪರದೆಯ ಮೇಲೆ ಬಿತ್ತು. "ನನ್ನ ಸಾಲು ಎಲ್ಲಿ?"

"ತೆಗೆದೆ ಸಾರ್."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಲಿಲ್ಲ. ಒಂದ್ಸಲ ಕೇಳಿ ಸಾರ್, ಆಮೇಲೆ ಬೇಕಾದ್ರೆ ನನ್ನನ್ನೂ ತೆಗೀರಿ."

ಮೇಷ್ಟ್ರ ಮುಖ ಕೆಂಪಡರಿತು. ನಾದಿನಿ ಗುಂಡಿ ಒತ್ತಿಯೇಬಿಟ್ಟಳು. ಅವರು ನಿಂತೇ ಕೇಳಿದರು. ಪಲ್ಲವಿಗೆ ಹುಬ್ಬು ಸಡಿಲವಾಯಿತು, ಚರಣದ ಗೊಗ್ಗರಿಗೆ ಮತ್ತೆ ಗಂಟಿಕ್ಕಿತು.

"ಮೇಲಿನ ಸ್ವರ ಹೋಗಿದೆ," ಎಂದರು ಹಾಡು ಮುಗಿದ ಮೇಲೆ.

"ಹೋಗಿದೆ," ಎಂದಳು ಅತ್ತಿಗೆ, ತಲೆ ತಗ್ಗಿಸದೆ.

"ಕೆಳಗೆ ಮಾತ್ರ... ಮುಂಚೆ ಇಷ್ಟು ತೂಕ ಇರ್ಲಿಲ್ಲ ನಿಮಗೆ." ಮೇಷ್ಟ್ರು ಕೀಬೋರ್ಡಿನ ಮೇಲೆ ಒಂದು ಸ್ವರ ಒತ್ತಿದರು, ಆಮೇಲೆ ಅದಕ್ಕಿಂತ ಕೆಳಗಿನದನ್ನು. "ಶ್ರುತಿ ಇಷ್ಟಕ್ಕೆ ಇಳಿಸಿದ್ರೆ ಈಗಲೇ ಇನ್ನೊಂದ್ಸಲ ಹಾಡ್ತೀರಾ? ಆಗ್ಲಿಲ್ಲ ಅಂದ್ರೆ ಆ ಹುಡುಗೀನೇ ಗತಿ. ನಂಗೂ ಬೇರೆ ದಾರಿ ಇಲ್ಲ."

"ಹಾಡ್ತೀನಿ."

ಮೇಷ್ಟ್ರು ನಾದಿನಿಯ ಕಡೆ ತಿರುಗಿದರು. "ನಿನ್ನ ವಿಚಾರ ಆಮೇಲೆ. ಈಗ ಈ ಸಾಲನ್ನ ಹೀಗೇ ಇಟ್ಟಿರು."

ಅತ್ತಿಗೆ ನೀರು ಕುಡಿದು ಗಾಜಿನಾಚೆಯ ಕೋಣೆಗೆ ಹೋದಳು. ಮೊದಲ ಸಲ ಚರಣದಲ್ಲಿ ತಡವರಿಸಿ ನಿಲ್ಲಿಸಿದಳು. ಮೇಷ್ಟ್ರು ಗಡಿಯಾರ ನೋಡಿದರು. ಎರಡನೆಯ ಸಲ ಕಣ್ಣು ಮುಚ್ಚಿ ಹಾಡಿದಳು, ಕೊನೆಯ ಸಾಲಿನ ತನಕ ನಿಲ್ಲಲಿಲ್ಲ. ಸಂಜೆ ಕಳುಹಿಸಿದ್ದು ಅದನ್ನೇ.