ಏಳು ಚಂದ್ರರ ಕಳ್ಳ

ಸೊಪ್ಪು ಕಟ್ಟುವ ಚಪ್ಪರದಲ್ಲಿ ಗೌರೀಶನ ಮಾತಿಗೆ ಎದುರಿರಲಿಲ್ಲ. ಪವಿತ್ರಾ ಬರುವತನಕ.

ಪಿರಿಯಾಪಟ್ಟಣದಿಂದ ಬೆಟ್ಟದಪುರದ ಕಡೆ ಹೋಗುವ ರಸ್ತೆಯಲ್ಲಿ ಅವನಪ್ಪ ರುದ್ರಸ್ವಾಮಿಯವರ ಹೊಗೆಸೊಪ್ಪಿನ ಹೊಲ. ಹೊಲದ ಮಗ್ಗುಲಿಗೆ ಸೊಪ್ಪು ಬೇಯಿಸಿ ಒಣಗಿಸುವ ಎತ್ತರದ ಗೂಡು, ಅಂದರೆ ಬ್ಯಾರನ್ನು, ಅದರ ಮುಂದೆ ಚಪ್ಪರ. ಊರ ಹೆಂಗಸರು ಅಲ್ಲಿ ಕೂತು ಹಸಿ ಎಲೆಯನ್ನು ಉದ್ದನೆಯ ಕಡ್ಡಿಗಳಿಗೆ ದಾರ ಸುತ್ತಿ ಕಟ್ಟುತ್ತಾರೆ. ಒಬ್ಬರು ತೊಟ್ಟು ಜೋಡಿಸಿ ಕೊಡಬೇಕು, ಇನ್ನೊಬ್ಬರು ಕಟ್ಟಬೇಕು. ಕೈ ತಾನಾಗಿ ಓಡುವ ಕೆಲಸ. ಕಿವಿ ಮಾತ್ರ ಖಾಲಿ. ಹಾಗಾಗಿ ಸಿನಿಮಾ ನೋಡಿ ಬಂದವರು ಅಲ್ಲಿ ಕೂತು ಕತೆ ಹೇಳುವುದು ಮೊದಲಿನಿಂದಲೂ ನಡೆದುಬಂದ ರೂಢಿ.

ಆ ಪೀಠ ಈಗ ಮೂರು ಬೇಸಾಯದಿಂದ ಗೌರೀಶನದು. ಮೈಸೂರಿನಲ್ಲಿ ಡಿಗ್ರಿ ಮುಗಿಸಿ, ಮುಂದೇನು ಎಂದು ಯಾರಾದರೂ ಕೇಳಿದರೆ ಮೊಬೈಲ್ ನೋಡಿಕೊಳ್ಳುತ್ತಿದ್ದ ಅವನಿಗೆ ಒಂದು ಯೂಟ್ಯೂಬ್ ಚಾನೆಲ್ಲೂ ಇತ್ತು. ಮಾಂತ್ರಿಕರು, ಅನ್ಯಗ್ರಹದವರು, ಕಾಲವನ್ನು ಹಿಂದಕ್ಕೆ ತಿರುಗಿಸುವ ಯಂತ್ರಗಳು, ಇವುಗಳ ದೊಡ್ಡ ಚಿತ್ರಗಳ ಬಗ್ಗೆ ಮಾತ್ರ ಅಲ್ಲಿ ಅಭಿಪ್ರಾಯ. ಬರುತ್ತಿದ್ದ ಮೆಚ್ಚುಗೆಯಲ್ಲಿ ಅರ್ಧ ಅವನ ಸೋದರಮಾವನ ಮಗ ಮಲ್ಲೇಶನದು. ಹೀಗಿರುವಾಗ ಎದುರಿಗೆ ಕೂತು ಬಾಯಿ ಬಿಟ್ಟುಕೊಂಡು ಕೇಳುವ ಹೆಂಗಸರೆಂದರೆ ಸಾಮಾನ್ಯ ಸಂಗತಿಯಲ್ಲ. ಲೋಕದಲ್ಲಿ ಅವನ ಮಾತಿಗೆ ತೂಕವಿದ್ದದ್ದು ಆ ಚಪ್ಪರದ ಕೆಳಗೆ ಮಾತ್ರ.

ಅವನು ಕತೆಗಿಂತ ತೀರ್ಪನ್ನೇ ಹೆಚ್ಚು ಹೇಳುತ್ತಿದ್ದ. ಡ್ರ್ಯಾಗನ್ನಿನ ರೆಕ್ಕೆ ಮೈತೂಕಕ್ಕೆ ಸಾಲದು, ಬಾಹ್ಯಾಕಾಶದಲ್ಲಿ ಬಾಂಬ್ ಸದ್ದು ಕೇಳಿಸಬಾರದು, ಐದಕ್ಕೆ ಎರಡೂವರೆ ಅಂಕ.

"ಅದಿರ್ಲಿ ಕಣಪ್ಪ, ಆ ಆಕಾಶದ್ ಹಡಗಲ್ಲಿ ಅಡ್ಗೆ ಮಾಡೋರು ಯಾರು?" ಎಂದು ಎಲೆ ಕಟ್ಟುತ್ತಿದ್ದ ಬಸವಮ್ಮ ಕೇಳಿದರೆ, "ಅದೆಲ್ಲ ಮುಖ್ಯ ಅಲ್ಲ ಬಸವಮ್ಮ" ಅನ್ನುತ್ತಿದ್ದ.

ಬಸವಮ್ಮನ ತಂಗಿ ಮಗಳು ಪವಿತ್ರಾ ಎಚ್.ಡಿ. ಕೋಟೆ ಕಡೆಯವಳು. ಕಾಲೇಜಿಗೆ ರಜೆಯೆಂದು ದೊಡ್ಡಮ್ಮನ ಜೊತೆ ಸೊಪ್ಪು ಕಟ್ಟಲು ಬಂದವಳು ಮೊದಲ ದಿನ ಸುಮ್ಮನಿದ್ದಳು. ಮಾರನೆಯ ದಿನ ಅದೇ ಪ್ರಶ್ನೆ ಎದ್ದಾಗ, "ಅಡ್ಗೆ ರೋಬೋಟ್ ಮಾಡ್ತದೆ ದೊಡ್ಡವ್ವ. ಆದ್ರೆ ಅದಕ್ಕೆ ಉಪ್ಪು ಗೊತ್ತಾಗಲ್ಲ. ಅದಕ್ಕೇ ಅವ್ರೆಲ್ಲ ಅಷ್ಟು ಸಿಡುಕ್ತಿರ್ತಾರೆ" ಅಂದಳು. ಚಪ್ಪರ ನಕ್ಕಿತು. ಅಲ್ಲಿಗೆ ಪೀಠ ಅಲುಗಿತು.

ಆಮೇಲೆ ಕತೆ ಅವಳದೇ ಆಯಿತು. ಅವಳು ಹೇಳುವ ಡ್ರ್ಯಾಗನ್ ಬ್ಯಾರನ್ನಿನ ಚಿಮಣಿಯಷ್ಟು ಎತ್ತರ ಇರುತ್ತಿತ್ತು. ಅನ್ಯಗ್ರಹದ ರಾಣಿ ಸೊಸೆಯನ್ನು ಬೈಯುವ ರೀತಿ ಪಕ್ಕದಲ್ಲಿ ಕೂತು ಕಟ್ಟುತ್ತಿದ್ದ ಭದ್ರಮ್ಮನಿಗೆ ಎಲ್ಲೋ ಕೇಳಿದ ಹಾಗೇ ಇರುತ್ತಿತ್ತು. ಗೌರೀಶ ನಡುವೆ ಬಾಯಿ ಹಾಕಿ, "ಅದು ಆ ಸೀನಲ್ಲಿ ಬರಲ್ಲ, ಇಂಟರ್ವಲ್ ಆದ್ಮೇಲೆ ಬರೋದು" ಅಂದರೆ, "ಬರ್ಲಿ ಬುಡಪ್ಪ, ಯಾವಾಗಾದ್ರೂ ಬಂತಲ್ಲ" ಎಂದು ಭದ್ರಮ್ಮ ಅವನನ್ನು ಸೊಳ್ಳೆ ಓಡಿಸಿದಂತೆ ಓಡಿಸುತ್ತಿದ್ದಳು. ಮನೆಯಲ್ಲಿ ತಾಯಿ ಮಂಗಳಮ್ಮ ಕೂಡ ಊಟ ಬಡಿಸುತ್ತಾ, "ಆ ಹುಡುಗಿ ಎಷ್ಟು ಚೆಂದ ಹೇಳ್ತಾಳೋ" ಅಂದ ದಿನ ಅವನು ಅರ್ಧ ಮುದ್ದೆಗೇ ಕೈ ತೊಳೆದ.

ಮೇಲಾಗಿ ಅವಳು ಅವನನ್ನು 'ಅಣ್ಣ' ಎನ್ನುತ್ತಿದ್ದಳು. ಬಹಳ ಮರ್ಯಾದೆಯಿಂದ. ಅದು ಇನ್ನಷ್ಟು ಉರಿಸುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಏಳು ಚಂದ್ರರ ಚಿತ್ರದ ಎರಡನೇ ಭಾಗ ತೆರೆಗೆ ಬಂತು. ಮೊದಲ ಭಾಗದ ಕತೆ ಚಪ್ಪರಕ್ಕೆಲ್ಲ ಗೊತ್ತಿತ್ತು. ಏಳು ಚಂದ್ರರಿರುವ ರಾಜ್ಯ. ಯಾರೋ ಕಳ್ಳನೊಬ್ಬ ಆ ಚಂದ್ರರನ್ನು ಒಂದೊಂದಾಗಿ ಕದಿಯುತ್ತಿದ್ದಾನೆ. ಆ ಗಲಾಟೆಯಲ್ಲಿ ನಾಯಕನ ಹೆಂಡತಿ ಸಾಯುತ್ತಾಳೆ. ಕೊನೆಗೆ ಕಳ್ಳನ ಹಡಗಿನ ಬಾಗಿಲು ತೆರೆದು ಎರಡು ಪಾದಗಳು ಕಾಣುತ್ತವೆ. ಅಷ್ಟೇ. ಯಾರ ಪಾದ? ಎರಡು ವರ್ಷದಿಂದ ಇದೇ ಚರ್ಚೆ. ಪವಿತ್ರಾ ಭಾನುವಾರ ಹುಣಸೂರಿಗೆ ಹೋಗಿ ನೋಡಿಬಂದು ಸೋಮವಾರ ಹೇಳುವುದು ಎಂದು ನಿಶ್ಚಯವಾಗಿತ್ತು. ಗೌರೀಶನನ್ನು ಯಾರೂ ಕೇಳಿರಲಿಲ್ಲ.

ಶುಕ್ರವಾರ ಅವನು ನಸುಕಿಗೇ ಬೈಕ್ ಹತ್ತಿ ಮೈಸೂರಿಗೆ ಹೋದ. ಮೊದಲ ಶೋ ನೋಡಿದ. ಚಿತ್ರ ಮುಗಿದು ಜನ ಸೆಲ್ಫಿ ತೆಗೆದುಕೊಳ್ಳುತ್ತಿರುವಾಗ ಇವನು ಆಗಲೇ ವಾಪಸು ಹೊರಟಿದ್ದ. ದಾರಿಯುದ್ದಕ್ಕೂ ಅವನ ತಲೆಯಲ್ಲಿದ್ದದ್ದು ಚಿತ್ರವಲ್ಲ, ಸೋಮವಾರ. ಕೊನೆ ಗೊತ್ತಾದ ಕತೆಯನ್ನು ಯಾರು ಕೇಳುತ್ತಾರೆ?

ಚಪ್ಪರದಲ್ಲಿ ಎಲ್ಲರೂ ಇದ್ದರು. ಹೆಲ್ಮೆಟ್ ತೆಗೆಯುವ ಮೊದಲೇ ಅಂದ:

"ಆ ಕಾಲು ಹೀರೋದೇ. ಮುದುಕ ಆದ ಹೀರೋ. ಮುಂದಿನ ಕಾಲದಿಂದ ವಾಪಸ್ ಬಂದು ಅವನ ಚಂದ್ರನ್ನ ಅವನೇ ಕದ್ದಿರೋದು."

ಕೈಗಳು ನಿಂತವು. ಗೌರೀಶ ಕಾದ.

"ಓಹೋ, ಅವನೇಯಾ?" ಅಂದಳು ಬಸವಮ್ಮ, ನೆಮ್ಮದಿಯಿಂದ. "ಸದ್ಯ, ಗೊತ್ತಾಯ್ತಲ್ಲ. ಇನ್ನು ಎದೆ ಡವಡವ ಇಲ್ದೆ ಕೇಳ್ಬೋದು."

"ಅಂಗಾದ್ರೆ ಸೋಮ್ವಾರದ್ ಗಂಟ ಯಾಕ್ ಕಾಯೋದು?" ಅಂದಳು ಭದ್ರಮ್ಮ. "ಪವಿತ್ರ, ನೋಡ್ದಿದ್ರೇನಂತೆ, ನೀನೇ ಯೋಳವ್ವ. ಯಾಕ್ ಕದ್ದ ಅವ್ನು?"

ಗೌರೀಶನಿಗೆ ತಾನು ಮಾಡಿದ ತಪ್ಪು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇವರು ಹುಟ್ಟಿದಾಗಿನಿಂದ ಕೊನೆ ಗೊತ್ತಿರುವ ಕತೆಗಳನ್ನೇ ಕೇಳಿದವರು. ರಾವಣ ಸಾಯುತ್ತಾನೆಂದು ತಿಳಿದೂ ಬೆಳಗಿನತನಕ ನಾಟಕದ ಮುಂದೆ ಕೂತವರು. ಕೊನೆ ಹೇಳಿದರೆ ಕತೆ ಕೆಡುತ್ತದೆ ಎಂಬುದು ಇವನ ಪೈಕಿಯವರ ನಂಬಿಕೆ.

ಕೆಟ್ಟದ್ದು ಒಬ್ಬಳಿಗೆ ಮಾತ್ರ. ಪವಿತ್ರಾ ಎಲೆಯ ತೊಟ್ಟು ಹಿಡಿದು ಹಾಗೇ ಕೂತಿದ್ದಳು. ಕಣ್ಣು ತುಂಬಿತ್ತು.

"ನಾನೂ ಎರಡು ವರ್ಷದಿಂದ ಕಾಯ್ತಿದ್ದೆ ಅಣ್ಣ," ಅಂದಳು.

ಆ ಚಪ್ಪರದಲ್ಲಿ ಅವನ ಹಾಗೆಯೇ ಹುಚ್ಚು ಹಿಡಿದಿದ್ದವಳು ಅವಳೊಬ್ಬಳೇ. ಏಟು ಬಿದ್ದದ್ದು ಸರಿಯಾಗಿ ಅವಳಿಗೇ. ಅಂದುಕೊಂಡದ್ದು ಕೈಗೂಡಿದರೂ ಗೌರೀಶನಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ; ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಯೋಳವ್ವ," ಅಂದಳು ಭದ್ರಮ್ಮ ಮತ್ತೆ.

ಪವಿತ್ರಾ ಚೂಡಿದಾರದ ಹೆಗಲಿಗೇ ಮುಖ ಒರೆಸಿಕೊಂಡಳು. ಎಲೆ ಕಟ್ಟುತ್ತಾ ಮೆಲ್ಲಗೆ ಶುರುಮಾಡಿದಳು.

"ಅವನಿಗೆ ವಯಸ್ಸಾಗೋಯ್ತು ದೊಡ್ಡವ್ವ. ಎಷ್ಟು ಅಂದ್ರೆ, ಹೆಂಡ್ತಿ ಮುಖಾನೇ ಮರ್ತೋಯ್ತು. ಹೆಸ್ರು ನೆನಪೈತೆ, ಮುಖ ಇಲ್ಲ. ಆ ರಾಜ್ಯದ ಚಂದ್ರ ಹೆಂಗೆ ಅಂದ್ರೆ, ಅದರ ಬೆಳದಿಂಗಳು ಬಿದ್ದಿದ್ದನ್ನೆಲ್ಲ ಒಳಗೆ ಇಟ್ಕೊಂಡಿರ್ತದೆ. ಅದಕ್ಕೇ ಬಂದ. ಒಂದು ಚಂದ್ರನ್ನ ಕದ್ದು ಒಡೆದು ನೋಡ್ದ, ಅವಳ ಕೈಬಳೆ ಕಾಣ್ತು. ಇನ್ನೊಂದ್ರಲ್ಲಿ ಜಡೆ. ಇನ್ನೊಂದ್ರಲ್ಲಿ ನಗು, ಬರೀ ಸದ್ದು. ಮುಖ ಎಲ್ಲೂ ಇಲ್ಲ."

ಗೌರೀಶನಿಗೆ ಚಿತ್ರ ಇನ್ನೂ ಕಣ್ಣಲ್ಲಿತ್ತು. ಅದರಲ್ಲಿ ಮುದುಕ ಚಂದ್ರರನ್ನು ಕದಿಯುವುದು ಒಂದು ಆಯುಧ ಮಾಡಲು. ಕೊನೆಯ ಅರ್ಧ ಗಂಟೆ ಮುದುಕನೂ ಹುಡುಗನೂ ಬೆಟ್ಟಗಳನ್ನು ಕಿತ್ತು ಹೊಡೆದಾಡುತ್ತಾರೆ. ಇದು ಅದಲ್ಲ, ಒಂದು ಮಾತೂ ಅಲ್ಲ ಎಂದು ಹೇಳಲು ಬಾಯಿ ತೆರೆದ. ಹೇಳಿದರೆ ಅವಳು ನಿಲ್ಲಿಸಿಬಿಡುತ್ತಾಳಲ್ಲ ಎಂದು ಮುಚ್ಚಿಕೊಂಡ. ಅವನಿಗೆ ನಿಜವಾದ ಹೊಟ್ಟೆಕಿಚ್ಚು ಹುಟ್ಟಿದ್ದು ಆಗಲೇ: ಕೋಟಿಗಟ್ಟಲೆ ಸುರಿದವರಿಗೂ ತನಗೂ ಹೊಳೆಯದ್ದು ಇವಳಿಗೆ ಸೊಪ್ಪು ಕಟ್ಟುತ್ತಾ ಹೊಳೆಯುತ್ತಿದೆ.

"ಇನ್ನೂ ಹಿಂದಿನ ಕಾಲಕ್ಕೆ ಹೋಗಿ ಏಳನೇ ಚಂದ್ರನಿಗೆ ಕೈ ಹಾಕ್ದ," ಅಂದಳು ಪವಿತ್ರಾ. "ಬಗ್ಗಿ ನೋಡಿದ್ರೆ, ಅದರ ಬೆಳದಿಂಗಳಲ್ಲಿ ಅವನೇ ನಿಂತವ್ನೆ, ಇಪ್ಪತ್ತೈದು ವರ್ಷದವನು. ಎದುರಿಗೆ ಅವಳು ಬತ್ತಾವ್ಳೆ. ಅವರಿಬ್ರೂ ಮೊದಲು ನೋಡ್ಕೊಳ್ಳೋ ಗಳಿಗೆ ಅದು. ಈಗ ಇವನು ಚಂದ್ರನ್ನ ತಕ್ಕೊಂಡ್ರೆ ಅಲ್ಲಿ ಕತ್ಲೆ. ಆ ಹುಡುಗ ಅವಳ ಮುಖ ನೋಡೋದೇ ಇಲ್ಲ. ತಕ್ಕೊಳ್ಳದೆ ಹೋದ್ರೆ ಈ ಮುದುಕ ನೋಡೋದೇ ಇಲ್ಲ."

ಬಸವಮ್ಮನ ಗಂಡ ಸಣ್ಣಬೀರಯ್ಯ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳು ದಾರ ಹಿಡಿದು ಹೊಲದ ಕಡೆ ನೋಡುತ್ತಾ ಕೂತಳು.

"ತಗೊಂಡ್ನಾ?" ಎಂದು ಒಂದು ದನಿ ಕೇಳಿತು.

ಎಲ್ಲರೂ ತಿರುಗಿದರು. ಕೇಳಿದವನು ಗೌರೀಶ. ಅಲ್ಲಿ ಚಿತ್ರ ನೋಡಿ ಬಂದಿದ್ದವನು ಅವನೊಬ್ಬನೇ.

ಪವಿತ್ರಾ ತಲೆ ಎತ್ತಿ ಅವನನ್ನು ನೋಡಿದಳು. ಬಹಳ ಮರ್ಯಾದೆಯಿಂದಲೇ ಅಂದಳು: "ನೀವು ನೋಡಿದ್ದೀರಲ್ಲಣ್ಣ. ನೀವೇ ಹೇಳಿ."

"ಊಂ ಕಣಪ್ಪ, ಯೋಳು ಮತ್ತೆ," ಅಂದಳು ಬಸವಮ್ಮ. "ಬುಟ್ನಾ, ತಕ್ಕೊಂಡ್ನಾ?"

ಎಷ್ಟೋ ದಿನದ ಮೇಲೆ ಚಪ್ಪರದ ಕಿವಿಗಳೆಲ್ಲ ಅವನ ಕಡೆ ತಿರುಗಿದ್ದವು. ಗೌರೀಶ ಹೆಲ್ಮೆಟ್ ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ.

"ಗ್ರಾಫಿಕ್ಸ್ ಚೆನ್ನಾಗಿತ್ತು," ಅಂದ.

ಭದ್ರಮ್ಮ ಅವನನ್ನೇ ಒಂದು ಗಳಿಗೆ ನೋಡಿ, ಕೂರಲು ಜಾಗ ಬಿಟ್ಟು ಸರಿದಳು. ಅವನು ಪವಿತ್ರಾಳ ಪಕ್ಕ ಕುಕ್ಕರಿಸಿ, ರಾಶಿಯಿಂದ ಎಲೆ ಎತ್ತಿ, ತೊಟ್ಟು ಜೋಡಿಸಿ, ಅವಳ ಮುಖ ನೋಡದೆ ಕೈಗೆ ಕೊಡತೊಡಗಿದ.

"ಬೇಗ್ ಬೇಗ ಕೊಡಿ ಅಣ್ಣ," ಅಂದಳು ಅವಳು. "ಕತೆ ನಿಂತೋಗ್ತದೆ."