‘ಈ ದಿನ’ ಅಂಕಣದ ಮೊದಲ ಸಾಲು

ಈ ಕಥೆಯನ್ನು ತಾರೀಕಿನಿಂದ ಶುರುಮಾಡಬೇಕು. ಆದರೆ ಯಾವ ತಾರೀಕು? ಒಂದನ್ನು ಬರೆದರೆ ಈ ಕಥೆಯೊಳಗಿನ ಮೇಷ್ಟ್ರು ಎರಡು ಆಧಾರ ಕೇಳುತ್ತಾರೆ, ನನ್ನ ಬಳಿ ಒಂದೂ ಇಲ್ಲ. ಆದ್ದರಿಂದ ಓದುಗರೇ, ‘ಒಂದು ದಿನ’ ಎಂದಿಟ್ಟುಕೊಳ್ಳಿ. (ಸೋಮಾರಿ ಕಥೆಗಾರರೆಲ್ಲ ಹೀಗೇ ಶುರುಮಾಡುವುದು. ಗೊತ್ತು.)

೧. ಆ ದಿನ ಒಬ್ಬ ರಾಜ ಪಟ್ಟವೇರಿದ, ಒಂದು ಹಡಗು ಮುಳುಗಿತು, ಒಬ್ಬ ಗಣಿತಜ್ಞೆ ಹುಟ್ಟಿದಳು...

ಬೇಡ, ಈ ಡ್ರಾಫ್ಟ್ ಹರಿದುಹಾಕಿದೆ. ರಾಜ ಬಂದರೆ ಕಥೆಯನ್ನೆಲ್ಲ ತಾನೇ ನುಂಗಿಬಿಡುತ್ತಾನೆ.

೨. ಸಂಜೆಪತ್ರಿಕೆಯ ಆಫೀಸು, ಬೆಳಿಗ್ಗೆ ಹನ್ನೊಂದು. ಕಿಟಕಿಯ ಪಕ್ಕದ ಮೇಜಿನ ಮೇಲೆ ದಿನಕ್ಕೊಂದರಂತೆ ಮುನ್ನೂರ ಅರವತ್ತಾರು ಲಕೋಟೆ. ಅವುಗಳ ಒಡತಿಯನ್ನು ಎಲ್ಲರೂ ತಾರೀಕಮ್ಮ ಅನ್ನುತ್ತಾರೆ. ‘ಈ ದಿನ’ ಅಂಕಣ ಅವಳದು. ಎಂಟು ಸಾಲು: ಆ ತಾರೀಕಿಗೆ ಹುಟ್ಟಿದವರು, ಸತ್ತವರು, ಗೆದ್ದವರು, ವಿಶ್ವ ಇದರ ದಿನ, ಅಂತರರಾಷ್ಟ್ರೀಯ ಅದರ ದಿನ. ಜಾಹೀರಾತು ಬಂದರೆ ಪುಟ ಕಟ್ಟುವವನು ಕೆಳಗಿನಿಂದ ಕತ್ತರಿ ಹಾಕುತ್ತಾನೆ. ಅದಕ್ಕೇ ಅವಳು ರಾಜರನ್ನು ಕೊನೆಗಿಟ್ಟು, ದಾದಿಯರನ್ನೂ ದೀಪಸ್ತಂಭ ಕಾದವರನ್ನೂ ಮೇಲಕ್ಕೇರಿಸುತ್ತಾಳೆ. ಒಂದು ಸಾಲು ಹೋದರೆ ರಾಜರೇನೂ ಬಡವಾಗುವುದಿಲ್ಲ ಎಂಬುದು ಅವಳ ವಾದ. ಈ ಹೆಂಗಸನ್ನು ಮೆಚ್ಚದೆ ಇರಲು ನನ್ನಿಂದಾಗದು.

೩. ಎದುರು ಮೇಜಿನಲ್ಲಿ ಪ್ರೂಫ್ ನೋಡುವ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಕೆಂಪು ಪೆನ್ನಿಗೆ ಹೆದರಿ ಜನ ಇಟ್ಟ ಹೆಸರು ಅದು. ಅಚ್ಚಾದ ಎರಡು ಆಧಾರವಿಲ್ಲದ ತಾರೀಕಿಗೆ ಅವರ ಸಹಿ ಸಿಗದು, ಅವರ ಸಹಿ ಇಲ್ಲದೆ ಪುಟ ಮುದ್ರಣಕ್ಕೆ ಹೋಗದು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರ ಕಣ್ಣು ತಪ್ಪಿಸಿಕೊಂಡದ್ದು ಮೂರೇ ತಪ್ಪು. ಮೂರರ ತಾರೀಕೂ ಅವರಿಗೆ ಬಾಯಿಪಾಠ.

ಇವತ್ತು ಅವರ ಕೊನೆಯ ದಿನ. (ಕೆಲಸದ್ದು! ನಾನು ಯಾರನ್ನೂ ಸಾಯಿಸುತ್ತಿಲ್ಲ.) ಹುಟ್ಟುಹಬ್ಬವೂ ಇವತ್ತೇ. ಪತ್ರಿಕೆಯಲ್ಲಿ ಅವರ ಬಗ್ಗೆ ಈವರೆಗೆ ಒಂದಕ್ಷರ ಬಂದಿಲ್ಲ. ಇವತ್ತು ಬರಲೇಬೇಕೆಂದು ತಾರೀಕಮ್ಮ ಹಟ ತೊಟ್ಟಿದ್ದಾಳೆ. ರಾಜನನ್ನು ತಳಕ್ಕೆ ತಳ್ಳಿ ಮೊದಲ ಸಾಲಿನಲ್ಲೇ ಬರೆದಳು: ‘ನಮ್ಮ ಮೇಷ್ಟ್ರ ಜನ್ಮದಿನ.’

ಕೆಂಪು ಪೆನ್ನು ಅಲ್ಲೇ ನಿಂತಿತು.

“ಏನಮ್ಮಾ ಇದು? ಆಧಾರ ಎಲ್ಲಿ?”

“ನಿಮ್ಮ ಶಾಲೆ ದಾಖಲೆ ಇದೆಯಲ್ಲ ಮೇಷ್ಟ್ರೇ.”

“ಅದಾ? ಶಾಲೆಗೆ ಸೇರಿಸೋವಾಗ ಅಪ್ಪ ಬಾಯಿಗೆ ಬಂದ ತಾರೀಕು ಹೇಳಿದ್ದು. ನಾನು ಯಾವತ್ತು ಹುಟ್ಟಿದ್ದು ಅಂತ ಅಮ್ಮನಿಗೇ ನೆನಪಿರಲಿಲ್ಲ.”

“ಮತ್ತೆ ಇಷ್ಟು ವರ್ಷ ನಾನು ಶುಭಾಶಯ ಹೇಳಿದಾಗೆಲ್ಲ ಸುಮ್ನಿದ್ರಲ್ಲ!”

“ಬಾಯಲ್ಲಿ ಹೇಳಿದ್ದನ್ನ ತಿದ್ದೋದು ನನ್ನ ಕೆಲಸ ಅಲ್ಲಮ್ಮ. ಅಚ್ಚಾದ್ರೆ ನಾಳೆ ಯಾರೋ ನಮ್ಮನ್ನೇ ಆಧಾರ ಅಂತ ತೋರಿಸ್ತಾರೆ.”

ತಮ್ಮ ಹುಟ್ಟನ್ನೇ ಒಂದೇ ಗೀಟಿನಲ್ಲಿ ಹೊಡೆದುಹಾಕಿದರು. ಎಂಥ ಮನುಷ್ಯನಪ್ಪಾ!

(ಇಲ್ಲಿ ನಾನು ಬಾಯಿ ಹಾಕಿದೆ. “ಮೇಷ್ಟ್ರೇ, ಇದು ಕಥೆ. ಒಂದು ತಾರೀಕಿಗೆ ಯಾಕಿಷ್ಟು ಬಿಗಿ?” “ಮುನ್ನೂರ ಅರವತ್ತಾರು ಲಕೋಟೆ ಅಂತ ಬರೆದ್ರಲ್ಲ, ಎಣಿಸಿದ್ರಾ?” ಎಂದರು. ಎಣಿಸಿರಲಿಲ್ಲ.)

೪. ಮುಕ್ತಾಯ ಒಂದು: ತಾರೀಕಮ್ಮ ಅತ್ತಳು, ಮೇಷ್ಟ್ರು ಕರಗಿದರು. (ಕರಗುವ ಮೇಷ್ಟ್ರು ಯಾರಿಗೆ ಬೇಕು?)

ಮುಕ್ತಾಯ ಎರಡು: ಅವರಿಗೆ ಗೊತ್ತಾಗದಂತೆ ಸಾಲನ್ನು ತೂರಿಸಿದಳು. ಇದನ್ನು ಬರೆಯುತ್ತಿದ್ದಂತೆ ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು. “ಹೋಗೋ ದಿನ ಅವರ ತಲೆಗೆ ನಾಲ್ಕನೇ ತಪ್ಪು ಕಟ್ಟಲಾ? ಸುಮ್ನಿರ್ರೀ.”

ಆ ಮುಕ್ತಾಯವನ್ನೂ ಹೊಡೆದುಹಾಕಿದೆ. ಅವಳೇ ಹೊಸ ಸಾಲು ಬರೆದು ತಂದಳು: ‘ಇಪ್ಪತ್ತೊಂಬತ್ತು ವರ್ಷ ಈ ಪತ್ರಿಕೆಯ ತಪ್ಪು ಹಿಡಿದ ಮೇಷ್ಟ್ರು ಇಂದು ನಿವೃತ್ತರಾದರು.’

“ಆಧಾರ ಒಂದು, ಆಫೀಸಿನ ಪತ್ರ. ಎರಡು, ನೋಟೀಸ್ ಬೋರ್ಡು. ಎರಡೂ ಅಚ್ಚಾಗಿದೆ. ಹೊಡೀರಿ ನೋಡೋಣ.”

ಮೇಷ್ಟ್ರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಪುಟ ಒಯ್ಯಲು ಮುದ್ರಣದವನು ಬಾಗಿಲಲ್ಲಿ ಬಂದು ನಿಂತ.

“ಇದೂ ತಪ್ಪು,” ಎಂದರು. ಈ ಸಲ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. “ನಾನಿನ್ನೂ ಇಲ್ಲೇ ಕೂತು ಕೆಲಸ ಮಾಡ್ತಿದೀನಲ್ಲಮ್ಮ. ಈ ಪುಟಕ್ಕೆ ಸಹಿ ಹಾಕಿದ ಮೇಲೆ ತಾನೇ ರಿಟೈರ್ ಆಗೋದು?”

“ಹಾಗಾದ್ರೆ ಸಹಿ ಹಾಕಿ. ಸರಿಹೋಗತ್ತೆ.”

“ತಪ್ಪಿರೋ ಪುಟಕ್ಕೆ ಸಹಿ ಹಾಕೋದು ಹೇಗೆ?”

ತಾರೀಕಮ್ಮ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು.

೫. ಹನ್ನೆರಡಾಯಿತು. ಸಹಿ ಹಾಕಿದರಾ ಎಂದು ಕೇಳಬೇಡಿ ಓದುಗರೇ. ಹಾಕಿದರು ಎಂದು ಬರೆದರೆ ಅವರು ಎದ್ದು ಮನೆಗೆ ಹೋಗಬೇಕಾಗುತ್ತದೆ. ಪತ್ರಿಕೆ ತಡವಾದರೆ ಬೈಸಿಕೊಳ್ಳುತ್ತೇನೆ. ಆ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸುವ ವಾಕ್ಯವನ್ನು ಮಾತ್ರ ನಾನು ಬರೆಯಲಾರೆ.