ತುಳಜಾಬಾಯಿಯ ಹೊಸ ಅಡುಗೆಮನೆ

ತಂಗಿ ವಿಶಾಖಾಳ ಹೆಣದ ಹಣೆಯ ಮೇಲೆ ಬಿದ್ದ ಕೂದಲನ್ನು ದ್ರೌಪತಿ ಹಿಂದಕ್ಕೆ ಸರಿಸುತ್ತಿದ್ದಾಗಲೇ ಸಂಜೀವಕುಮಾರ ಬಂದು ಪಕ್ಕದಲ್ಲಿ ಕುಕ್ಕರಿಸಿ ಕುಳಿತ. ಕೈಯಲ್ಲಿದ್ದ ಹೂಮಾಲೆಯನ್ನು ಅವಳ ಕಾಲ ಕಡೆ ಇಟ್ಟು, ಕಣ್ಣು ಮುಚ್ಚಿದಂತೆ ಮಾಡಿ, ಪಿಸುದನಿಯಲ್ಲಿ ಕೇಳಿದ.

"ಚಾವಿ ಎಲ್ಲ್ಯದ ಅಂತ ನಿಮಗೇನರ ಗೊತ್ತೇನ್ರಿ?"

"ಯಾವ ಚಾವಿ?"

"ನಮ್ಮ ಬಸವಕಲ್ಯಾಣದ ಹೊಸ ಮನೀದ್ರಿ. ಶುಕ್ರವಾರ ಗೃಹಪ್ರವೇಶ ಅದ. ಚಾವಿ ವಿಶಾಖಾ ಮೇಡಮ್ ಬಲ್ಲೇ ಇತ್ತು."

ಹುಮನಾಬಾದಿನ ಆ ಸಣ್ಣ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕತಂಗಿಯರ ಹುಟ್ಟೂರು ಕೊಡಂಬಲದ ಓಣಿಗೆ ಓಣಿಯೇ ಬಂದಿತ್ತು. ಬೌದ್ಧ ಭಿಕ್ಷು ಭಂತೇಜಿ 'ಬುದ್ಧಂ ಶರಣಂ' ಎಂದು ತ್ರಿಶರಣ ಹೇಳಿಸುತ್ತಿದ್ದರು. ಬಿಳಿ ಸೀರೆಯ ಹೆಂಗಸರು ಅಳುತ್ತಲೇ ದನಿ ಕೂಡಿಸುತ್ತಿದ್ದರು. ವಿಶಾಖಾ ಆರ್ಕಿಟೆಕ್ಟ್ ಆಗಿದ್ದಳು. ಹುಮನಾಬಾದ, ಬಸವಕಲ್ಯಾಣಗಳಲ್ಲಿ ಉಳ್ಳವರು ಕಟ್ಟಿಸಿದ ಚೆಂದದ ಮನೆಗಳಲ್ಲಿ ಬಹಳಷ್ಟು ಅವಳ ಕೈಯಲ್ಲೇ ಎದ್ದಿದ್ದವು. ಗೋಡೆಯಷ್ಟೇ ಅಲ್ಲ, ಒಳಗಿನ ಕಪಾಟು, ದೀಪ, ಪರದೆಯ ಬಣ್ಣದವರೆಗೆ ಎಲ್ಲ ಅವಳದೇ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕುಳಿತವಳು ಮತ್ತೆ ಏಳಲಿಲ್ಲ. ಅಷ್ಟು ಮನೆಗಳವರ ಪೈಕಿ ಬಂದವನು ಇವನೊಬ್ಬ, ಅದೂ ಚಾವಿಗಾಗಿ. ಇವನ ತಾಯಿ ತುಳಜಾಬಾಯಿ ಓಣಿಯ ತುದಿಯಲ್ಲಿ, ಕಾರಿನ ಗಾಜು ಏರಿಸಿಕೊಂಡು ಕುಳಿತಿದ್ದರು.

"ಇನ್ನೊಂದು ಮಾತ್ರಿ," ಸಂಜೀವಕುಮಾರ ಇನ್ನಷ್ಟು ಬಾಗಿದ. "ಮೇಡಮ್ಮಂದು ಕೆಲಸದ ಚಪ್ಪಲಿ, ಬುತ್ತಿ ಡಬ್ಬಿ ಅಲ್ಲೇ ಉಳದಾವ. ನಿಮ್ಮೋರೇ ಯಾರರ ಬಂದು ಒಯ್ದರ ಚಲೋ. ನಮ್ಮ ಆಳುಗೋಳು ಮುಟ್ಟಂಗಿಲ್ಲ ಅಂತಾರ. ನಾಳಿ ಮನಿ ಶುದ್ಧ ಮಾಡಸೂದದ. ತಪ್ಪು ತಿಳಕೋಬ್ಯಾಡ್ರಿ, ಪದ್ಧತಿ ಅದ."

ದ್ರೌಪತಿಗೆ ಹೇಸಿಗೆಯಾಯಿತು. ಹೆಣದ ಮುಂದೆ ಕುಳಿತು ಬುತ್ತಿ ಡಬ್ಬಿಯ ಮೈಲಿಗೆಯ ಮಾತಾಡುವವನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಮನೆ ತುಂಬ ಜನ. ತಂಗಿಗೆ ಹೊದಿಸಿದ್ದ ಬಟ್ಟೆ ಸರಿಪಡಿಸುತ್ತ ಹೇಳಿದಳು.

"ಮಣ್ಣು ಮಾಡಿ ಬಂದು ನಾನೇ ಒಯ್ತೇನಿ. ಇವತ್ತೇ. ನಿಮ್ಮವ್ವಾರಿಗೂ ಅಲ್ಲಿಗೇ ಬರಾಕ ಹೇಳ್ರಿ. ಚಾವಿ ಅವರ ಕೈಯಾಗೇ ಕೊಡ್ತೇನಿ."

*

ಹಿಂದೊಮ್ಮೆ ಹುಮನಾಬಾದಿನ ಕಾಳುಕಡಿಯ ಅಡತಿ ವ್ಯಾಪಾರಿಯೊಬ್ಬನ ಗೃಹಪ್ರವೇಶಕ್ಕೆ ವಿಶಾಖಾ ತನ್ನ ಅಕ್ಕನನ್ನೂ ಕರೆದುಕೊಂಡು ಹೋಗಿದ್ದಳು. ಅವಳಿಗೆ ಶಾಲು ಹೊದಿಸಿದರು, ಫೋಟೋ ತೆಗೆದರು, ಪೆಂಡಾಲಿನ ಕೊನೆಯ ಸಾಲಿನಲ್ಲಿ ಕೂರಿಸಿದರು. ಒಳಗೆ ಬನ್ನಿ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಬಂದ ಹೆಂಗಸರೆಲ್ಲ ಅಡುಗೆಮನೆ ನೋಡಿಕೊಂಡು ಬಾಯ್ತುಂಬ ಹೊಗಳುತ್ತ ಹೊರಬರುತ್ತಿದ್ದರು. ಅದನ್ನು ಮಾಡಿದವಳು ಹೊರಗೆ ಬಿಸಿಲಿಗೆ ಸೆರಗು ಮರೆ ಮಾಡಿಕೊಂಡು ಕುಳಿತಿದ್ದಳು.

"ನಿನಗ ಹೇಸಿಕಿ ಬರಂಗಿಲ್ಲೇನು?" ದ್ರೌಪತಿ ಕೇಳಿದ್ದಳು.

"ಬರತದಕ್ಕಾ. ಮುಂಜಾನಿ ಹಲ್ಲು ತಿಕ್ಕೂಮುಂದ ಭಾಳ ಬರತದ. ಅಷ್ಟರಾಗ ಕೆಲಸದ್ದು ಫೋನ್ ಬರತದ."

ತುಳಜಾಬಾಯಿಯ ಮನೆಯ ಕೆಲಸ ಹಿಡಿದಾಗಲೂ ಅದೇ ಹಾಡು. ಅಡುಗೆಕಟ್ಟೆಯ ಎತ್ತರಕ್ಕೆ ಆಕೆಯ ಮೊಣಕೈ ಅಳೆಯಬೇಕಿತ್ತು. ಟೇಪು ಹಿಡಿದು ಹತ್ತಿರ ಹೋದರೆ ಆಕೆ ಹಿಂದೆ ಸರಿದರಂತೆ. "ಗ್ವಾಡಿಗೆ ಬೆನ್ನು ಹಚ್ಚಿ ನಿಂದ್ರರಿ ಅಂದೆ. ಮೊಳಕೈ ಇದ್ದಲ್ಲಿ ಗ್ವಾಡಿ ಮ್ಯಾಲ ಚಾಕ್‌ಪೀಸಿಂದ ಗೀಟು ಹಾಕಿದೆ. ಮುಟ್ಟದೇ ಅಳತಿ ತಗೊಂಡೆ ನೋಡಕ್ಕಾ!" ಎಂದು ವಿಶಾಖಾ ನಕ್ಕಿದ್ದಳು.

ದ್ರೌಪತಿಗೆ ನಗು ಬಂದಿರಲಿಲ್ಲ. ಆ ಮನೆಗಳವರ ಮೇಲಿದ್ದ ಹೇಸಿಗೆ ಅಂದು ತಂಗಿಯ ಮೇಲೂ ಹೊರಳಿತ್ತು. ಇಡೀ ಓಣಿಯಲ್ಲಿ ಇಷ್ಟು ಓದಿದವಳು ಇವಳೊಬ್ಬಳು. ಇವಳೂ ಹೀಗೆ ಹಲ್ಲು ಗಿಂಜಬೇಕೇ? ಈಗ ಗುಂಡಿಗೆ ಹಿಡಿಮಣ್ಣು ಹಾಕುವಾಗ ಅವಳನ್ನು ಸುಡುತ್ತಿದ್ದದ್ದು ಅದೊಂದೇ ಪ್ರಶ್ನೆ. ಎಲ್ಲವನ್ನೂ ನುಂಗಿಕೊಂಡೇ ಸತ್ತಳೇ ನನ್ನ ತಂಗಿ?

*

ತಂಗಿಯ ಚೀಲದಲ್ಲಿ ಸಿಕ್ಕ ಚಾವಿ ಹಿಡಿದಿದ್ದ ದ್ರೌಪತಿಯನ್ನು ಸ್ಮಶಾನದಿಂದ ನೇರ ಬಸವಕಲ್ಯಾಣಕ್ಕೆ ಸೋಹೇಲ ತನ್ನ ಗಾಡಿಯಲ್ಲಿ ಕರೆದುಕೊಂಡು ಬಂದ. ಅವನು ಟೈಲ್ಸ್ ಕೆಲಸದವನು. ಮೊದಲ ಮನೆಯಿಂದಲೂ ವಿಶಾಖಾಳ ಜೊತೆಗಿದ್ದವನು. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಹಾಲಿನ ಪಾಕೀಟು ಕೊಂಡಿದ್ದ. ಅವನ ಮನೆಗಿರಬೇಕೆಂದು ದ್ರೌಪತಿ ಅಂದುಕೊಂಡಳು.

ಅಡುಗೆಮನೆಯ ಮೂಲೆಯಲ್ಲಿ ಚಪ್ಪಲಿ ಇದ್ದವು, ಬುತ್ತಿ ಡಬ್ಬಿ ಇತ್ತು. ಪಕ್ಕದಲ್ಲಿ ಚಹಾ ಕುದಿಸುವ ಒಂದು ಪಾತೇಲಿ, ಚಹಾಪುಡಿ, ಸಕ್ಕರೆ, ಒಂದಷ್ಟು ಬಟ್ಟಲು. ಸೋಹೇಲ ಹಾಲಿನ ಪಾಕೀಟನ್ನು ಕಟ್ಟೆಯ ಮೇಲಿಟ್ಟ.

"ಇಲ್ಲಿ ಹಾಲ್ಯಾಕ, ಸೋಹೇಲಭಾಯಿ?"

"ಅಕ್ಕಾ, ಮೇಡಮ್ ಯಾವ ಮನೀದೂ ಚಾವಿ ಹಂಗೇ ಕೊಟ್ಟೋರಲ್ಲ್ರಿ," ಎಂದ ಸೋಹೇಲ. "ಕೊಡೂಕಿನ ಮೊದಲು ಬಾಗಲಾ ಹಾಕ್ಕೊಂಡು, ಒಲಿ ಹಚ್ಚಿ, ಹಾಲು ಉಕ್ಕಸ್ತಿದ್ರು. ಚಹಾ ಮಾಡಿ ಗೌಂಡಿಗೋಳಿಗೆಲ್ಲ ಕೊಟ್ಟು, ತಾವು ದೇವರ ಕ್ವಾಣ್ಯಾಗ ಕುಂತು ಕುಡೀತಿದ್ರು. 'ಮೊದಲ್ನೇ ಹಾಲು ನಂದು, ಅವರದು ಎರಡನೇದ್ದು' ಅಂತ ನಗತಿದ್ರು. ಯಾರಿಗೂ ಹೇಳಬ್ಯಾಡಂತ ಕಸಮ್ ಹಾಕ್ಸಿದ್ರು."

"ಎಲ್ಲಾ ಮನ್ಯಾಗ?"

"ಎಲ್ಲಾ ಮನ್ಯಾಗ್ರಿ. ಇದೊಂದೇ ಉಳದದ."

ದ್ರೌಪತಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೆಳಗಿನಿಂದ ಬಾರದ ಅಳು ನಗುವಿನ ಜೊತೆ ಒಟ್ಟಿಗೇ ನುಗ್ಗಿ ಬಂತು. ಕಳ್ಳಿ, ನನಗೂ ಹೇಳಲಿಲ್ಲವಲ್ಲ! ಕಣ್ಣೊರೆಸಿಕೊಂಡು ಎದ್ದು ತಾನೇ ಒಲೆ ಹಚ್ಚಿದಳು. ಹಾಲು ಏರಿತು, ಅಂಚು ದಾಟಿತು, ಹೊಳೆಯುವ ಕರಿಕಲ್ಲಿನ ಕಟ್ಟೆಯ ಮೇಲೆಲ್ಲ ಹರಿಯಿತು. ಸೋಹೇಲ ಒರೆಸಲು ಬಟ್ಟೆ ಹುಡುಕಿದ. ಬೇಡವೆಂದಳು.

ಹೊರಗೆ ಕಾರು ನಿಂತ ಸದ್ದಾಯಿತು. ತುಳಜಾಬಾಯಿ ಮೆಟ್ಟಿಲೇರಿ ಬಂದು ಬಾಗಿಲಲ್ಲೇ ನಿಂತರು. ಹೊಸ್ತಿಲ ಪೂಜೆ ಆಗಿತ್ತು. ಇನ್ನು ಮುಹೂರ್ತದವರೆಗೆ ಮನೆಯವರು ಒಳಗೆ ಕಾಲಿಡಬಾರದೆಂದು ಸ್ವಾಮಿಗಳು ಕಟ್ಟು ಹಾಕಿದ್ದರು.

"ಏನವಾ, ಎಷ್ಟೊತ್ತು? ಸಾಮಾನ ತಗೊಂಡು ಚಾವಿ ಕೊಟ್ಟು ನಡೀರಿ," ಎಂದವರು ಮೂಗು ಅರಳಿಸಿದರು. "ಹಾಲು ಹೊತ್ತಿದ ವಾಸನಿ ಎಲ್ಲಿಂದ ಬರಾಕತ್ತದ?"

"ನಿಮ್ಮ ಅಡಗಿಮನ್ಯಾಗಿಂದ್ರಿ," ಎಂದಳು ದ್ರೌಪತಿ. "ಒಳಗ ಬಂದು ನೋಡ್ರಿ."

ತುಳಜಾಬಾಯಿಯ ಕಾಲು ಮುಂದೆ ಬಂತು, ಹೊಸ್ತಿಲ ಕುಂಕುಮ ಕಂಡು ಹಿಂದೆ ಸರಿಯಿತು. ಎರಡೂ ಕೈಗಳಿಂದ ಚೌಕಟ್ಟು ಹಿಡಿದು, ಕುತ್ತಿಗೆ ಚಾಚಿ ಒಳಗೆ ಇಣುಕತೊಡಗಿದರು. ಒಳಗೆ ದ್ರೌಪತಿ ದೇವರ ಕೋಣೆಯ ತಂಪು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಸೋಹೇಲ ಕೊಟ್ಟ ಚಹಾವನ್ನು ಸಾವಕಾಶವಾಗಿ ಊದಿ ಊದಿ ಕುಡಿಯುತ್ತಿದ್ದಳು.